ಓದುಗರ ಗ್ಯಾರೇಜು: ಇಂಡಿಕಾಗೆ ಉದ್ದ ಬಾಲ ಕಟ್ಟಬಹುದಾ?

ಪ್ರಶ್ನೆ: ಸರ್, ನಮ್ಮಪ್ಪ ಬಿಟ್ಟುಹೋದ 2005ರ ಇಂಡಿಕಾ ಡೀಸೆಲ್ ಗಾಡಿ ಇದೆ. ಇಂಜಿನ್ ಇನ್ನೂ ಗಟ್ಟಿ, ಮಾರೋಕೆ ಮನಸ್ಸಿಲ್ಲ. ತೋಟ ಊರಿಂದ 14 ಕಿ.ಮೀ. ಆಗುತ್ತೆ. ಕಾಯಿ ಮೂಟೆ, ಡ್ರಿಪ್ ಪೈಪಿನ ಸುರುಳಿ, ಅಲ್ಯೂಮಿನಿಯಂ ಏಣಿ ಎಲ್ಲಾ ಸಾಗಿಸಬೇಕು, ಡಿಕ್ಕಿ ಏನೇನೂ ಸಾಲಲ್ಲ. ನನ್ನ ಭಾಮೈದನದು ವೆಲ್ಡಿಂಗ್ ಶಾಪ್ ಇದೆ. ಗುಜರಿಯಲ್ಲಿ ಒಂದು ಇಂಡಿಗೋ ಮರೀನಾ ನೋಡಿದ್ದೀವಿ, ಮುಂದೆ ನಜ್ಜುಗುಜ್ಜಾಗಿದೆ, ಹಿಂದೆ ಒಂದು ಗೀರೂ ಇಲ್ಲ. ಅದರ ಹಿಂಭಾಗ ಕತ್ತರಿಸಿ ತಂದು ನಮ್ಮ ಇಂಡಿಕಾಗೆ ಕೂರಿಸಿದರೆ ಎಸ್ಟೇಟ್ ಕಾರು, ಅಂದ್ರೆ ಛಾವಣಿ ಹಿಂದಿನ ತುದಿವರೆಗೂ ಚಾಚಿದ ಉದ್ದ ಡಿಕ್ಕಿಯ ಕಾರು, ಆಗಲ್ವಾ? ಎರಡೂ ಟಾಟಾದವೇ ತಾನೇ? ಭಾಮೈದ ಒಂದು ವಾರದ ಕೆಲಸ ಅಂತಾನೆ.
— ತಿಪಟೂರಿನ ಓದುಗರು

ಉತ್ತರ: ನಿಮ್ಮ ಭಾಮೈದನ ಕೈಚಳಕದ ಮೇಲೆ ನನಗೆ ಅನುಮಾನ ಇಲ್ಲ. ಆದರೂ ಗ್ರೈಂಡರ್ ಕೆಳಗಿಡೋಕೆ ಹೇಳಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಎರಡೂ ಒಂದೇ ಮನೆಯವು, ಮುಂದಿನಿಂದ ನೋಡಿದರೆ ಅಣ್ಣ ತಮ್ಮನ ಹಾಗೇ ಕಾಣುತ್ತವೆ. ಆದರೆ ಟೇಪ್ ಹಿಡಿದು ನೋಡಿ. ಇಂಡಿಕಾದಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 2400 ಮಿ.ಮೀ. ಇಂಡಿಗೋ ಮತ್ತು ಮರೀನಾದಲ್ಲಿ 2450. ಐದು ಸೆಂಟಿಮೀಟರ್ ಏನು ಮಹಾ ಅನ್ನಬೇಡಿ. ಆ ವ್ಯತ್ಯಾಸ ಸರಿಯಾಗಿ ನೀವು ಕತ್ತರಿಸಬೇಕು ಅಂದುಕೊಂಡ ಜಾಗದಲ್ಲೇ ಇದೆ. ಹಿಂದಿನ ಸಸ್ಪೆನ್ಷನ್ ಕೂಡ ಎರಡರದೂ ಬೇರೆ ಬೇರೆ ಜಾತಿ. ಅಂದ್ರೆ ತಗಡಿನ ಜೊತೆ ಹಿಂದಿನ ಆಕ್ಸಲ್ಲು, ಬ್ರೇಕ್ ಪೈಪು, ಡೀಸೆಲ್ ಟ್ಯಾಂಕು, ಸೈಲೆನ್ಸರ್ ಎಲ್ಲಾ ಒಂದೊಂದಾಗಿ ತಕರಾರು ತೆಗೆಯುತ್ತವೆ. ಒಂದು ವಾರ ಅಂದರಲ್ಲ, ಆರು ತಿಂಗಳು ಅಂತ ಓದಿಕೊಳ್ಳಿ.

ಅದಕ್ಕಿಂತ ದೊಡ್ಡದು ಇನ್ನೊಂದು. ಲಾರಿ, ಹಳೇ ಜೀಪುಗಳಿಗೆ ಕೆಳಗೆ ಗಟ್ಟಿ ಚಾಸಿಸ್ ಇರುತ್ತದೆ. ಮೇಲಿನ ಬಾಡಿ ಬಿಚ್ಚಿ ಹಾಕಿದರೂ ಗಾಡಿ ಓಡುತ್ತದೆ. ಅದಕ್ಕೇ ಲಾರಿಗೆ ಬಾಡಿ ಕಟ್ಟೋರು ಬೇರೆಯೇ ಇರುತ್ತಾರೆ. ನಿಮ್ಮ ಇಂಡಿಕಾಗೆ ಆ ಥರ ಚಾಸಿಸ್ ಇಲ್ಲ. ಅದರ ಛಾವಣಿ, ಕಂಬ, ನೆಲ, ಎಲ್ಲಾ ಸೇರಿಯೇ ಚಾಸಿಸ್ಸು. ಮನೆಯಲ್ಲೇ ನೋಡಬಹುದು. ಒಂದು ಬೆಂಕಿಪೊಟ್ಟಣ ತಗೊಳ್ಳಿ, ಕಡ್ಡಿ ಇರುವ ಒಳಗಿನ ಟ್ರೇ ತೆಗೆದುಬಿಡಿ. ಬರೀ ಹೊರಗಿನ ಕವಚವನ್ನು ಎರಡು ಬೆರಳಲ್ಲಿ ಒತ್ತಿ, ಸೊಟ್ಟ ಆಗಿ ಚಪ್ಪಟೆ ಮಲಗುತ್ತದೆ. ಟ್ರೇ ಮತ್ತೆ ತೂರಿಸಿ ಒತ್ತಿ. ಕದಲುವುದಿಲ್ಲ. ಎರಡೂ ಅದೇ ತೆಳ್ಳನೆ ರಟ್ಟೇ. ಸುತ್ತಲೂ ಮುಚ್ಚಿಕೊಂಡಾಗ ಮಾತ್ರ ಬಲ. ಕಾರಿನ ಹಿಂಭಾಗ ಕತ್ತರಿಸಿದ ಆ ಕ್ಷಣ ನಿಮ್ಮ ಕೈಯಲ್ಲಿ ಉಳಿಯೋದು ಬರೀ ಹೊರಗಿನ ಕವಚ.

ಇದನ್ನ ನಾನು ಪುಸ್ತಕ ಓದಿ ಕಲಿತದ್ದಲ್ಲ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ನನ್ನದೇ ಹಳೇ ಮಾರುತಿ 800ಕ್ಕೆ ಒಂದೂವರೆ ಅಡಿ ಬಾಲ ಕಟ್ಟಿಸಿದ್ದೆ. ಗ್ಯಾರೇಜಿನ ಹೆಸರು ಬೇಡ, ಆಸೆ ನನ್ನದು, ತಪ್ಪೂ ನನ್ನದೇ. ಪುಟ್ಟಿ ಹಾಕಿ ಪೇಂಟ್ ಹೊಡೆದ ಮೇಲೆ ಎಷ್ಟು ಚೆಂದ ಕಾಣುತ್ತಿತ್ತು ಅಂದರೆ ಬೀದಿಯವರೆಲ್ಲ ಬಂದು ತಟ್ಟಿ ನೋಡಿದರು. ಎರಡನೇ ತಿಂಗಳಿಗೆ ಹಿಂದಿನ ಎಡಗಡೆ ಬಾಗಿಲು ಜೋರಾಗಿ ಹಾಕಿದರೆ ಮಾತ್ರ ಕೂರುತ್ತಿತ್ತು. ಖಾಲಿ ಗಾಡಿಯಲ್ಲಿ ಬಾಗಿಲಿನ ಮೇಲಿನ ಸಂದಿಗೆ ಎರಡು ನಾಣ್ಯ ಹೋದರೆ, ಎರಡು ಮೂಟೆ ಹಾಕಿದ ಮೇಲೆ ನಾಲ್ಕು ನಾಣ್ಯ ಹೋಗುತ್ತಿತ್ತು. ಒಂದು ದಿನ ಪಂಕ್ಚರ್ ಆಗಿ ಜಾಕ್ ಕೊಟ್ಟು ಎತ್ತಿದೆ. ಬಾಗಿಲು ತೆರೆದವನು ಮತ್ತೆ ಹಾಕೋಕೆ ಹೋದರೆ ಲಾಕೇ ಸಿಗಲಿಲ್ಲ! ಗಾಡಿ ಕೆಳಗಿಳಿಸಿದೆ, ಟಕ್ ಅಂತ ಕೂತಿತು. ಕಾರು ನಡುವೆ ಬಗ್ಗುತ್ತಿತ್ತು, ಅಷ್ಟೇ. ಮಳೆಗಾಲ ಬಂತು, ವೆಲ್ಡಿಂಗ್ ಜಾಯಿಂಟಿನ ಮೇಲಿದ್ದ ಪುಟ್ಟಿ ಕೂದಲೆಳೆಯ ಹಾಗೆ ಬಿರುಕು ಬಿಟ್ಟು ನೀರು ಒಳಗೆ ಇಳಿಯಿತು. ಕಾರ್ಪೆಟ್ ಅಡಿ ಕೊಳೆತ ವಾಸನೆ ಬರೋವರೆಗೆ ನನಗೆ ಗೊತ್ತೇ ಆಗಲಿಲ್ಲ. ಮುಂದಿನ ವರ್ಷ ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದ.

ಭಾರದ ಲೆಕ್ಕವನ್ನೂ ಒಮ್ಮೆ ಹಾಕೋಣ, ನೀವು ರೈತರು, ನಿಮಗೆ ಬೇಗ ಹೊಳೆಯುತ್ತದೆ. ಎತ್ತಿನ ಗಾಡಿಯ ಹಿಂದಕ್ಕೆ ಹೇರು ಜಾಸ್ತಿ ಆದರೆ ನೊಗ ಮೇಲಕ್ಕೆ ಏಳುತ್ತದಲ್ಲ, ಇಲ್ಲೂ ಅದೇ. ಹಿಂದಿನ ಚಕ್ರಕ್ಕಿಂತ ಒಂದು ಮೀಟರ್ ಹಿಂದೆ 100 ಕೆ.ಜಿ. ಇಟ್ಟಿರಿ ಅಂದುಕೊಳ್ಳಿ. ಚಕ್ರಗಳ ನಡುವೆ 2.4 ಮೀಟರ್ ಇರುವ ಗಾಡಿಯಲ್ಲಿ ಹಿಂದಿನ ಚಕ್ರಗಳ ಮೇಲೆ ಬೀಳೋದು 100 ಅಲ್ಲ, ಸುಮಾರು 142 ಕೆ.ಜಿ. ಆ ಹೆಚ್ಚಿನ 42 ಎಲ್ಲಿಂದ ಬಂತು? ಮುಂದಿನ ಚಕ್ರಗಳಿಂದ ಕಿತ್ತುಕೊಂಡು ಬಂತು. ಇಂಡಿಕಾದಲ್ಲಿ ಎಳೆಯೋದೂ ಮುಂದಿನ ಚಕ್ರ, ತಿರುಗಿಸೋದೂ ಅದೇ, ಬ್ರೇಕಿನ ಬಹುಪಾಲು ಕೆಲಸವೂ ಅದರದೇ. ಮಳೆಯಲ್ಲಿ ತೋಟದ ಏರು ಹತ್ತುವಾಗ ಮುಂದಿನ ಚಕ್ರ ಸುಮ್ನೆ ನಿಂತಲ್ಲೇ ಸುತ್ತುತ್ತದೆ. ರಾತ್ರಿ ನಿಮ್ಮ ಹೆಡ್‌ಲೈಟು ರಸ್ತೆ ಬಿಟ್ಟು ತೆಂಗಿನ ಗರಿ ನೋಡುತ್ತಿರುತ್ತದೆ.

ಕಾನೂನು ಬೇರೆ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆ ಆಗದ ಹಾಗೆ ಮಾಲೀಕ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡವೂ ಬಂತು: ಒಂದೊಂದು ಬದಲಾವಣೆಗೆ 5,000 ರೂಪಾಯಿ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಬಣ್ಣ ಬದಲಾಯಿಸೋದು, ಸಿಎನ್‌ಜಿ ಕಿಟ್ ಹಾಕಿಸೋದು, ಅಂಗವಿಕಲರಿಗೆ ಬೇಕಾದ ಹಾಗೆ ಮಾರ್ಪಾಡು ಮಾಡೋದು, ಇವಕ್ಕೆಲ್ಲ ಆರ್‌ಟಿಒ ಮೂಲಕ ದಾರಿ ಇದೆ. ಬಾಡಿ ಉದ್ದ ಮಾಡೋಕೆ ಇಲ್ಲ. ನಿಮ್ಮದು 2005ರ ಗಾಡಿ, 15 ವರ್ಷ ದಾಟಿದೆ, ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು. ಒಂದೂವರೆ ಅಡಿ ಬಾಲವನ್ನ ಎಲ್ಲಿ ಬಚ್ಚಿಡುತ್ತೀರಿ? ಅಪಘಾತ ಆದರೆ ಇನ್ಶೂರೆನ್ಸ್‌ನವರಿಗೆ ಕ್ಲೇಮ್ ತಳ್ಳಿಹಾಕೋಕೆ ನೀವೇ ಕಾರಣ ಕೈಗೆ ಕೊಟ್ಟ ಹಾಗೆ.

ಹಾಗಾದ್ರೆ ಏನು ಮಾಡೋದು ಅಂತೀರಿ. ನಿಮ್ಮ ಪತ್ರ ಮತ್ತೆ ಓದಿದೆ. ನಿಮಗೆ ಬೇಕಾಗಿರೋದು ಉದ್ದ ಕಾರು ಅಲ್ಲ, ಉದ್ದನೆಯ ಸಮತಟ್ಟು ನೆಲ. ಅದು ನಿಮ್ಮ ಇಂಡಿಕಾದೊಳಗೇ ಇದೆ. ಹಿಂದಿನ ಸೀಟು ಮಡಚಿದರೆ ಜಾಗ ಸಿಗುತ್ತದೆ, ಆದರೆ ಡಿಕ್ಕಿಯ ನೆಲಕ್ಕೂ ಮಡಚಿದ ಸೀಟಿಗೂ ನಡುವೆ ಒಂದು ಮೆಟ್ಟಿಲು ಬರುತ್ತದೆ. ಮೂಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಏಣಿ ಸೊಟ್ಟಕ್ಕೆ ನಿಲ್ಲುತ್ತದೆ. ಆ ಮೆಟ್ಟಿಲು ತುಂಬಿದರೆ ಅರ್ಧ ಎಸ್ಟೇಟ್ ಕಾರು ಆದ ಹಾಗೆ.

ಒಂದು ಭಾನುವಾರದ ಕೆಲಸ. ಮೊದಲು ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆ ಎಲ್ಲಾದರೂ ಹುಡುಕಿ. ಅದನ್ನ ಡಿಕ್ಕಿಯೊಳಗೆ ಹಾಸಿ, ಚಕ್ರದ ಉಬ್ಬು ಇರುವ ಕಡೆ ಕತ್ತರಿಯಲ್ಲಿ ಕತ್ತರಿಸುತ್ತಾ ಹೋಗಿ. ರಟ್ಟು ಸರಿಯಾಗಿ ಕೂರೋವರೆಗೆ ಪ್ಲೈವುಡ್ ಮುಟ್ಟಬೇಡಿ. ಉಬ್ಬು ಎಡಗಡೆ ಒಂದು ಥರ, ಬಲಗಡೆ ಒಂದು ಥರ ಇರಬಹುದು, ರಟ್ಟು ಮಗುಚಿ ಹಾಕಿ ಅಳತೆ ತಗೊಂಡರೆ ಕೆಡುತ್ತದೆ. ಆಮೇಲೆ 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈ ತಗೊಳ್ಳಿ. ಅಂಗಡಿಯವನು 18 ಮಿ.ಮೀ. ಹಾಕ್ಕೊಳಿ ಗಟ್ಟಿ ಅಂತಾನೆ, ಕೇಳಬೇಡಿ. ಎಂಟಡಿ ನಾಲ್ಕಡಿ ಹಾಳೆ 12ರದ್ದು ಇಪ್ಪತ್ತು ಇಪ್ಪತ್ತೈದು ಕೆ.ಜಿ. ತೂಗಿದರೆ 18ರದ್ದು ಮೂವತ್ತು ದಾಟುತ್ತದೆ, ಆ ತೂಕವನ್ನ ನೀವು ದಿನಾ ಡೀಸೆಲ್ ಸುಟ್ಟು ಹೊರಬೇಕು.

ಹಲಗೆ ಎರಡು ತುಂಡು ಇರಲಿ, ನಡುವೆ ಉದ್ದನೆಯ ಹಿಂಜಸ್. ಹಿಂದಿನ ತುಂಡು ಡಿಕ್ಕಿ ಮೇಲೆ ಕೂತಿರುತ್ತದೆ, ಮುಂದಿನದು ಮಡಚಿದ ಸೀಟಿನ ಮೇಲೆ ಬೀಳುತ್ತದೆ. ಮನೆಯವರು ಕೂರಬೇಕಾದಾಗ ಮುಂದಿನದನ್ನ ಹಿಂದಕ್ಕೆ ಮಡಚಿ ಸೀಟು ಎತ್ತಿದರೆ ಆಯಿತು. ಹಿಂದಿನ ಹಲಗೆ ಕೆಳಗೆ ಎರಡಿಂಚು ಒಂದಿಂಚು ರೀಪಿನಲ್ಲಿ ಕಟ್ಟು ಮಾಡಿ, ಸೀಟಿನ ಎತ್ತರಕ್ಕೆ ತನ್ನಿ. ಕೆಳಗೆ ಉಳಿದ ಪೊಳ್ಳು ಜಾಗದಲ್ಲಿ ಜಾಕು, ಹಗ್ಗ, ಕುಡುಗೋಲು ಇಡಬಹುದು. ಆದರೆ ಸ್ಟೆಪ್ನಿ ತೆಗೆಯೋಕೆ ದಾರಿ ಬಿಡಿ, ಮೂಟೆ ತುಂಬಿದಾಗಲೇ ಪಂಕ್ಚರ್ ಆಗೋದು. ಪ್ಲೈನ ಅಂಚಿಗೆ ಎರಡು ಕೋಟು ಪೇಂಟ್ ಬಳಿಯಿರಿ, ನೀರು ಕುಡಿಯೋದು ಅಂಚೇ. ಮೇಲೆ ಬಸ್ಸಿನಲ್ಲಿ ಹಾಸುತ್ತಾರಲ್ಲ, ಆ ಗೀರುಗೀರಿನ ರಬ್ಬರ್ ಮ್ಯಾಟು. ಕಾಯಿ ಉರುಳೋದೂ ನಿಲ್ಲುತ್ತದೆ, ಕಟಕಟ ಸದ್ದೂ ನಿಲ್ಲುತ್ತದೆ.

ಭಾಮೈದ ಬೇಜಾರು ಮಾಡ್ಕೋತಾನೆ ಅಂದ್ರೆ ಅವನಿಗೂ ಒಂದು ಕೆಲಸ ಇದೆ. ಮುಂದಿನ ಸೀಟುಗಳ ಹಿಂದೆ ನಿಲ್ಲೋ ಹಾಗೆ ಒಂದು ಜಾಲರಿ ಚೌಕಟ್ಟು ಮಾಡಿಕೊಡಲಿ, ಅವನ ಅಂಗಡಿಯಲ್ಲೇ, ಗಾಡಿಯಿಂದ ದೂರ. ಗಾಡಿಗೆ ವೆಲ್ಡ್ ಬೇಡವೇ ಬೇಡ, ಹಿಂದಿನ ಸೀಟಿನ ಅಡಿ ಕಡೆ ಡೀಸೆಲ್ ಟ್ಯಾಂಕ್ ಇರುತ್ತದೆ. ಚೌಕಟ್ಟನ್ನ ಹಲಗೆಗೆ ಬೋಲ್ಟ್ ಹಾಕಿ, ಹಲಗೆಯನ್ನ ಬೆಲ್ಟಿನಿಂದ ಸೀಟಿನ ಕೊಂಡಿಗೆ ಬಿಗಿಯಿರಿ. ಸೀಟ್ ಬೆಲ್ಟಿನ ಬೋಲ್ಟ್ ಬಿಚ್ಚಿ ಅಲ್ಲಿಗೆ ನಿಮ್ಮ ಬೋಲ್ಟ್ ಹಾಕಬೇಡಿ, ಅದರ ಥ್ರೆಡ್ಡೇ ಬೇರೆ, ಬಲವೇ ಬೇರೆ. ಜಾಲರಿ ಯಾಕೆ ಅಂದರೆ, ಗಂಟೆಗೆ 50 ಕಿ.ಮೀ. ವೇಗದಲ್ಲಿ ಗುದ್ದಿ ಕಣ್ಣು ಮಿಟುಕಿಸೋಷ್ಟರಲ್ಲಿ ನಿಂತರೆ 20 ಕೆ.ಜಿ. ಚೀಲ 280 ಕೆ.ಜಿ.ಯ ಹಾಗೆ ಮುಂದಕ್ಕೆ ನುಗ್ಗುತ್ತದೆ. ಅಲ್ಲಿ ನಿಮ್ಮ ಬೆನ್ನು ಇರುತ್ತದೆ.

ಹಿಂದಿನ ಸೀಟನ್ನೇ ಬಿಚ್ಚಿ ಅಟ್ಟಕ್ಕೆ ಹಾಕಿಬಿಡೋಣ ಅನ್ನಿಸಬಹುದು. ಬೇಡ. ಆರ್‌ಸಿಯಲ್ಲಿ 5 ಸೀಟು ಅಂತ ಬರೆದಿದೆ. ಮಡಚಿ, ಬಿಚ್ಚಬೇಡಿ.

ಇನ್ನು ಎಷ್ಟು ಹೇರಬಹುದು? ಐದು ಜನ ಕೂರುವ ಗಾಡಿ. ನೀವೊಬ್ಬರೇ ಇದ್ದರೆ ಉಳಿದ ನಾಲ್ಕು ಜನರ ತೂಕದಷ್ಟು, ಅಂದ್ರೆ 250 ಕೆ.ಜಿ. ಒಳಗೆ ಇಟ್ಟುಕೊಳ್ಳಿ. ಸುಲಿದ ಕಾಯಿ ಒಂದಕ್ಕೆ ಅರ್ಧ ಕೆ.ಜಿ. ಅಂತ ಹಿಡಿದರೂ 400 ಕಾಯಿ ಅಂದರೆ 200 ಕೆ.ಜಿ., ಅಲ್ಲಿಗೆ ಸಾಕು. ಸಿಪ್ಪೆ ಸಮೇತ ತರೋದಾದರೆ ಅಷ್ಟು ಕಾಯಿ ಹಿಡಿಸೋದೂ ಇಲ್ಲ. ಮೂಟೆಗಳನ್ನ ಮುಂದಿನ ಸೀಟಿಗೆ ಆತುಕೊಂಡ ಹಾಗೆ ಮೊದಲು ಇಡಿ, ಹಗುರದ್ದು ಡಿಕ್ಕಿ ಬಾಗಿಲ ಕಡೆಗೆ. ಟೈರಿಗೆ ಫುಲ್ ಲೋಡಿನ ಗಾಳಿ ಎಷ್ಟು ಅಂತ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ, ಅಷ್ಟು ಹೊಡೆಸಿ. ಏಣಿಯನ್ನ ಎಡಗಡೆ ಮುಂದಿನ ಸೀಟು ಪೂರ್ತಿ ಒರಗಿಸಿ ಡ್ಯಾಶ್‌ಬೋರ್ಡ್ ಪಕ್ಕದವರೆಗೂ ತಳ್ಳಬಹುದು. ನಮ್ಮ ಮನೆಯ ಗಾಡಿಯಲ್ಲಿ ಹೀಗೆ ಏಳಡಿ ಹತ್ತಿರ ಸಿಗುತ್ತದೆ. ಗೇರ್ ಲಿವರ್‌ಗೆ ತಾಗದ ಹಾಗೆ ಕಟ್ಟಿ.

ಮರೀನಾ ಗುಜರಿಯಲ್ಲೇ ಇರಲಿ. ಆಸೆ ತಡೆಯೋಕೆ ಆಗದಿದ್ದರೆ, ರಿಪೇರಿ ಆಗುವಂಥ, ಕಾಗದಪತ್ರ ಸರಿ ಇರುವ ಇನ್ನೊಂದು ಮರೀನಾ ಹುಡುಕಿ ಕೊಂಡುಕೊಳ್ಳಿ. ಅದು ಎಲ್ಲಾದಕ್ಕಿಂತ ಅಗ್ಗದ ಎಸ್ಟೇಟ್ ಪರಿವರ್ತನೆ.

ಪ್ರಶ್ನೆ: ಹತ್ತಡಿ ಪಿವಿಸಿ ಪೈಪು ತರುವಾಗ ಡಿಕ್ಕಿ ಬಾಗಿಲು ಹಗ್ಗ ಕಟ್ಟಿ ಅರ್ಧ ತೆರೆದಿಟ್ಟು ಬರ್ತೀನಿ. ಅರ್ಧ ಗಂಟೆ ಆದ ಮೇಲೆ ತಲೆ ಹಿಡಕೊಂಡಂಗ ಆಗತೈತಿ. ಬಿಸಿಲಿಗೆ ಇರಬೇಕಾ?
— ಗದಗದಿಂದ ಓದುಗರು

ಉತ್ತರ: ಬಿಸಿಲಲ್ಲ ಅಣ್ಣಾ, ಹೊಗೆ. ಕಾರು ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಮ್ಮಿ ಆಗಿ, ಹಿಂದಿನದ್ದೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಹ್ಯಾಚ್‌ಬ್ಯಾಕ್ ಗಾಡಿಗಳ ಹಿಂದಿನ ಗ್ಲಾಸು ಬೇಗ ಧೂಳು ಹಿಡಿಯೋದು ಅದಕ್ಕೇ. ನಿಮ್ಮ ಸೈಲೆನ್ಸರ್ ಬಾಯಿ ಇರೋದೂ ಅಲ್ಲೇ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು ಅದರ ಮೊದಲ ಲಕ್ಷಣ, ಆಮೇಲೆ ಮಂಪರು. ಜೀವಕ್ಕೇ ಬರುವಂಥದ್ದು, ಇವತ್ತಿಂದಲೇ ನಿಲ್ಲಿಸಿ. ಮೇಲಾಗಿ ಬಾಗಿಲು ಎತ್ತಿದಾಗ ನಂಬರ್ ಪ್ಲೇಟು ಆಕಾಶ ನೋಡುತ್ತಿರುತ್ತದೆ. ಪೈಪನ್ನ ಅಂಗಡಿಯಲ್ಲೇ ಐದಡಿಗೆ ಕತ್ತರಿಸಿ ಒಂದು ಕಪ್ಲರ್ ತಗೊಳ್ಳಿ, ಇಲ್ಲಾಂದ್ರೆ ಲಗೇಜ್ ಆಟೊಗೆ ಬಾಡಿಗೆ ಕೊಡಿ.

ಪ್ರಶ್ನೆ: ನನ್ನ ಮಗಳು ವೀಣೆ ಕಲಿಯುತ್ತಿದ್ದಾಳೆ. ಪೆಟ್ಟಿಗೆ ಸಮೇತ ವೀಣೆ ನಮ್ಮ ಸಣ್ಣ ಕಾರಿನ ಡಿಕ್ಕಿಯಲ್ಲಿ ಅಡ್ಡಕ್ಕೂ ಹಿಡಿಸಲ್ಲ, ಉದ್ದಕ್ಕೂ ಹಿಡಿಸಲ್ಲ. ಮೇಲೆ ಕ್ಯಾರಿಯರ್ ಹಾಕಿಸೋಣ ಅಂತ ಇದ್ದೀನಿ.
— ಮೈಸೂರಿನ ಓದುಗರು

ಉತ್ತರ: ದಯವಿಟ್ಟು ಬೇಡಮ್ಮ. ಕ್ಯಾರಿಯರ್ ಮೇಲೆ ಹಾಸಿಗೆ ಸುರುಳಿ ಕಟ್ಟಬಹುದು, ವೀಣೆ ಅಲ್ಲ. ವೀಣೆಯ 24 ಮೆಟ್ಟಿಲುಗಳು, ಅಂದ್ರೆ ತಂತಿಯ ಅಡಿಯ ಪಟ್ಟಿಗಳು, ಕೂತಿರೋದು ಮೇಣದ ಮೇಲೆ. ಬಿಸಿಲಿಗೆ ಮೇಣ ಮೆತ್ತಗಾದರೆ ಮೆಟ್ಟಿಲು ಜರುಗಿ ಸ್ವರಸ್ಥಾನವೇ ಕೆಡುತ್ತದೆ, ಆಮೇಲೆ ಮೆಟ್ಟಿಲು ಮತ್ತೆ ಕೂರಿಸಿ ಮೇಳ ಕಟ್ಟುವವರನ್ನು ಹುಡುಕಿಕೊಂಡು ಹೋಗಬೇಕು. ಹಿಂದಿನ ಸೀಟು ಎರಡು ಭಾಗವಾಗಿ ಮಡಚುವ ಗಾಡಿಯಾದರೆ ಒಂದು ಭಾಗ ಮಡಚಿ, ಪೆಟ್ಟಿಗೆಯನ್ನ ಉದ್ದಕ್ಕೆ ಮಲಗಿಸಿ, ವೀಣೆಯ ಕೊಡ, ಅಂದ್ರೆ ದುಂಡನೆಯ ಬುಡ, ಇರುವ ಕಡೆ ಮುಂದಕ್ಕೆ ಇರಲಿ. ಹಿಂದಿನ ಗ್ಲಾಸಿನಿಂದ ನೇರ ಬಿಸಿಲು ಬೀಳುತ್ತದೆ, ಮೇಲೊಂದು ಬಿಳಿ ದುಪ್ಪಟಿ ಹೊದಿಸಿ. ಸೀಟು ಇಡಿಯಾಗಿ ಮಡಚುವಂಥದ್ದಾದರೆ ಮೇಲೆ ಹೇಳಿದ ಹಲಗೆ ನಿಮಗೂ ಆಗುತ್ತದೆ, ರಬ್ಬರ್ ಮ್ಯಾಟಿನ ಬದಲು ಹಳೇ ರಜಾಯಿ ಹಾಸಿ. ಸಂಗೀತ ಕಛೇರಿ ಮುಗಿದ ಮೇಲೆ ಊಟಕ್ಕೆ ನಿಲ್ಲಿಸಿದಾಗ ವೀಣೆಯನ್ನ ಕಾರಲ್ಲೇ ಬಿಟ್ಟು ಹೋಗಬೇಡಿ.

ಪ್ರಶ್ನೆ: ನಮ್ಮ ಕಡೆ ಎಸ್ಟೇಟ್ ಅಂದರೆ ಕಾಫಿ ತೋಟ! ಕಾರಿಗೆ ಆ ಹೆಸರು ಹೇಗೆ ಬಂತು? ನಮ್ಮ ದೇಶದಲ್ಲಿ ಯಾಕೆ ಓಡಲಿಲ್ಲ?
— ಮಡಿಕೇರಿಯ ಓದುಗರು

ಉತ್ತರ: ನಿಮ್ಮ ತಮಾಷೆಯಲ್ಲೇ ಅರ್ಧ ಉತ್ತರ ಇದೆ. ಇಂಗ್ಲೆಂಡಿನಲ್ಲಿ ಹಳ್ಳಿ ಕಡೆಯ ದೊಡ್ಡ ಜಮೀನುಗಳಲ್ಲಿ ಸಾಮಾನು, ನಾಯಿ, ಬಂದೂಕು ಸಾಗಿಸೋಕೆ ಇಟ್ಟುಕೊಳ್ಳುತ್ತಿದ್ದ ಗಾಡಿ ಅದು. ಅಮೆರಿಕದವರು ರೈಲ್ವೆ ಸ್ಟೇಷನ್ನಿನಿಂದ ಜನ, ಪೆಟ್ಟಿಗೆ ತರೋಕೆ ಬಳಸಿದರು, ಸ್ಟೇಷನ್ ವ್ಯಾಗನ್ ಅಂದರು. ಮೊದಮೊದಲು ಹಿಂಭಾಗ ಮರದ್ದೇ. ಇಂಗ್ಲೆಂಡಿನ ಮೋರಿಸ್ ಮೈನರ್ ಟ್ರಾವೆಲರ್ ಅನ್ನೋ ಎಸ್ಟೇಟ್ ಕಾರಿನಲ್ಲಿ ಹಿಂದಿನ ಮರದ ಚೌಕಟ್ಟು ಅಂದಕ್ಕಲ್ಲ, ಬಾಡಿ ಹೊರೋದೇ ಅದು, ಗೆದ್ದಲು ಹಿಡಿದರೆ ಕಾರೇ ಹೋಯಿತು!

ನಮ್ಮಲ್ಲೂ ಬಂದವು. ಅಂಬಾಸಿಡರ್ ಎಸ್ಟೇಟ್ ಇತ್ತು, ಫಿಯೆಟ್ ಕಾಲದ ಸಫಾರಿ ಇತ್ತು, 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಆಮೇಲೆ ಬಲೆನೋ ಆಲ್ಟುರಾ, ಸಿಯೆನಾ ವೀಕೆಂಡ್, ಕೋರ್ಸಾ ಸ್ವಿಂಗ್, 2004ರಲ್ಲಿ ಮರೀನಾ. ಜನ ನೋಡಿದರು, ಆಂಬುಲೆನ್ಸ್ ಥರ ಇದೆ ಅಂದರು, ಮುಂದೆ ಹೋದರು. ನಮ್ಮ ಮಾವನವರು ಅದನ್ನ ಇನ್ನೂ ಕೆಟ್ಟ ಗಾಡಿಗೆ ಹೋಲಿಸಿದ್ದರು, ಇಲ್ಲಿ ಬರೆಯಲ್ಲ. 2006ರ ಬಜೆಟ್ ಬಂದ ಮೇಲಂತೂ ಕಥೆ ಮುಗಿಯಿತು. ನಾಲ್ಕು ಮೀಟರಿಗಿಂತ ಗಿಡ್ಡ ಇರುವ, ಸಣ್ಣ ಇಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ 24ರಿಂದ 16 ಪರ್ಸೆಂಟಿಗೆ ಇಳಿಯಿತು. ಕಂಪನಿಗಳು ಕಾರಿನ ಬಾಲ ಮೊಟಕು ಮಾಡೋಕೆ ಶುರು ಮಾಡಿದವು. 2008ರಲ್ಲಿ ಇದೇ ಇಂಡಿಗೋದ ಡಿಕ್ಕಿ ತುಂಡು ಮಾಡಿ ಇಂಡಿಗೋ ಸಿಎಸ್ ಅಂತ ಮಾರಿದರು, ಚೆನ್ನಾಗೇ ಹೋಯಿತು. ಫ್ಯಾಕ್ಟರಿಯವರು ಬಾಲ ಕತ್ತರಿಸುತ್ತಿದ್ದರೆ ತಿಪಟೂರಿನಲ್ಲಿ ಅಂಟಿಸೋಕೆ ಹೊರಟಿದ್ದಾರೆ ನೋಡಿ.

ಪ್ರಶ್ನೆ: ಭಾರ ಹಾಕಿದರೆ ಹಿಂದೆ ಕುಸಿಯುತ್ತೆ. ಕಾಯಿಲ್ ಸ್ಪ್ರಿಂಗ್ ಸಂದಿಗೆ ರಬ್ಬರ್ ಬಫರ್ ಹಾಕಿಸಿದರೆ ಜಾಸ್ತಿ ಲೋಡ್ ಹಾಕಬಹುದಾ?
— ದಾವಣಗೆರೆಯ ಓದುಗರು

ಉತ್ತರ: ಬಫರ್ ಹಾಕಿದರೆ ಕುಸಿಯೋದು ಕಾಣಲ್ಲ, ಅಷ್ಟೇ. ಸ್ಪ್ರಿಂಗ್ ಒಂದು ಬಿಟ್ಟು ಬೇರೆ ಯಾರಿಗೂ ಬಫರ್ ಬಂದ ವಿಷಯ ಗೊತ್ತಿರಲ್ಲ, ಬ್ರೇಕಿಗೂ ಇಲ್ಲ, ಬೇರಿಂಗಿಗೂ ಇಲ್ಲ, ಟೈರಿಗೂ ಇಲ್ಲ. ಟೈರಿನ ಪಕ್ಕೆಯಲ್ಲಿ 165/65 ಆರ್13 ಅಂತ ಇದ್ದು ಪಕ್ಕದಲ್ಲಿ 77 ಅಂತ ಬರೆದಿದ್ದರೆ, ಆ ಒಂದು ಟೈರು ಹೊರೋದು 412 ಕೆ.ಜಿ. ಹಳೇ ಮಾರುತಿ 800ರ ಸಣ್ಣ ಟೈರಲ್ಲಿ 69 ಅಂತ ಇದ್ದರೆ 325. ಗಾಡಿಯ ಸ್ವಂತ ತೂಕವೂ ಅದರೊಳಗೇ ಬಂತು. ಖಾಲಿ ಗಾಡಿಯೇ ಹಿಂದೆ ಕೂತ ಹಾಗೆ ಕಾಣುತ್ತಿದ್ದರೆ ಸ್ಪ್ರಿಂಗ್ ಸುಸ್ತಾಗಿದೆ, ಎರಡೂ ಕಡೆ ಹೊಸದು ಹಾಕಿಸಿ, ಜೊತೆಗೆ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದೆಯಾ ನೋಡಿಸಿ. ಲೋಡ್ ಹಾಕಿದಾಗ ಮಾತ್ರ ಕುಸಿಯುತ್ತಿದ್ದರೆ ಎರಡು ಮೂಟೆ ಇಳಿಸಿ, ಎರಡು ಟ್ರಿಪ್ ಹೊಡೆಯಿರಿ.